ಗ್ರಿಪ್ ಆಮೇಲೆ, ಮೊದಲು ದಾರ ನೋಡಿ

ಬ್ಯಾಟಿನ ಹಿಡಿ ಸ್ವಲ್ಪ ಅಲ್ಲಾಡಿದ್ರೆ ನಮ್ಮ ಹುಡುಗರು ಏನ್ ಮಾಡ್ತಾರೆ? ಹಳೇ ಗ್ರಿಪ್ ಮೇಲೇ ಇನ್ನೊಂದು ಗ್ರಿಪ್ ಏರಿಸ್ತಾರೆ. ಅದೂ ಇಲ್ಲಾಂದ್ರೆ ಕರೆಂಟ್ ಕೆಲಸದವರ ಕಪ್ಪು ಟೇಪ್. ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಆಡೋರಾಗ್ಲಿ, ಗುಬ್ಬಿ, ಕುಣಿಗಲ್ ಕಡೆ ತೋಟದ ಪಕ್ಕದ ಬಯಲಲ್ಲಿ ಆಡೋರಾಗ್ಲಿ, ಇದೇ ಕಥೆ. ನನ್ನ ಪ್ರಕಾರ ಇದು ದುಡ್ಡು ದಂಡ. ಗ್ರಿಪ್ ಇರೋದು ಕೈ ಜಾರಬಾರದು ಅಂತ. ಹಿಡಿ ಕಾಯೋದು ಅದರ ಕೆಳಗಿರೋ ದಾರ.

ಒಳ್ಳೇ ಬ್ಯಾಟಿನ ಹಿಡಿ ಒಂದೇ ಮರದ ತುಂಡಲ್ಲ. ಬೆತ್ತದ ತುಂಡುಗಳನ್ನ ಅಂಟು ಹಾಕಿ ಕೂಡಿಸಿ, ನಡುವೆ ರಬ್ಬರ್ ಪಟ್ಟಿ ಕೊಟ್ಟಿರ್ತಾರೆ. ಚೆಂಡು ಬಡಿದಾಗಲೆಲ್ಲ ಹಿಡಿ ಬಾಗುತ್ತೆ, ಬೆತ್ತದ ತುಂಡುಗಳು ಬಿಟ್ಕೊಳ್ಳೋಕೆ ನೋಡ್ತವೆ. ಬಿಗಿಯಾಗಿ ಸುತ್ತಿದ ದಾರ ಅವನ್ನ ಸುತ್ತಲಿಂದ ಅದುಮಿ ಹಿಡಿಯುತ್ತೆ. ಟೇಪ್ ಹಿಗ್ಗುತ್ತೆ, ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಕಿತ್ತು ಕೈಗೆಲ್ಲ ಮೆತ್ಕೊಳ್ಳುತ್ತೆ.

ಎಂಸಿಸಿಯ 2017ರ ನಿಯಮಗಳನ್ನೇ ನೋಡಿ. ಎ, ಬಿ ದರ್ಜೆಯ ಬ್ಯಾಟಿನ ಹಿಡಿಯಲ್ಲಿ ಬೆತ್ತ, ಮರ, ದಾರ ಬಿಟ್ಟು ಬೇರೆ ಸಾಮಗ್ರಿ 10ರಲ್ಲಿ 1 ಪಾಲು ಮೀರೋ ಹಾಗಿಲ್ಲ. ದಾರಕ್ಕೆ ಬೆತ್ತದ ಸಾಲಲ್ಲೇ ಜಾಗ!

ಮನೇಲಿ ಅಡಿಕೆ ಮೂಟೆ ಹೊಲಿಯೋ ಹುರಿ ಬಿದ್ದಿರುತ್ತೆ, ಅದನ್ನೇ ಸುತ್ತಿಬಿಡೋಣ ಅನ್ಸುತ್ತೆ. ಬೇಡ, ಅದು ದಪ್ಪ, ಒರಟು. ಚಪ್ಪಲಿ ಹೊಲಿಯೋ ಗಟ್ಟಿ ದಾರ ಸಾಕು. ಮೇಣ ಹಚ್ಚದೇ ಇರೋದನ್ನ ಕೇಳಿ ತಗೊಳ್ಳಿ, ಮೇಣ ಇದ್ರೆ ಅಂಟು ಕೂರಲ್ಲ. ಹಿಡಿಗೆ ತೆಳ್ಳಗೆ ಫೆವಿಕಾಲ್ ಬಳಿದು, ಹಲಗೆ ಸೇರೋ ಜಾಗದಿಂದ ಶುರು ಮಾಡಿ, ಸುತ್ತಿಗೆ ಸುತ್ತು ತಾಗೋ ಹಾಗೆ ಎಳೆದು ಸುತ್ತಿ. ಗಂಟು ಹಾಕ್ಬೇಡಿ, ಅಂಗೈಗೆ ಒತ್ತುತ್ತೆ. ಶುರುವಿನ ತುದಿ ಸುತ್ತಿನ ಅಡಿಗೇ ಹೋಗ್ಲಿ. ಕೊನೇ ಏಳೆಂಟು ಸುತ್ತಿನ ಕೆಳಗೆ ಒಂದು ಕುಣಿಕೆ ಇಟ್ಕೊಂಡಿದ್ರೆ ಇನ್ನೊಂದು ತುದಿಯನ್ನೂ ಒಳಗೆ ಎಳ್ಕೋಬಹುದು. ಬುಗುರಿಗೆ ಚಾಟಿ ಸುತ್ತಿದ ಕೈಗೆ ಇದೇನು ಕಷ್ಟ? ಒಂದು ದಿನ ಒಣಗಲಿ, ಆಮೇಲೆ ಗ್ರಿಪ್.

ಬಿರುಕು ಹಲಗೆಯೊಳಗೆ, ಹಿಡಿ ಕೂತಿರೋ ವಿ ಆಕಾರದ ಜಾಗದಲ್ಲಿ ಬಿದ್ದಿದ್ರೆ ಮಾತ್ರ ದಾರದಿಂದ ಏನೂ ಆಗಲ್ಲ. ಆ ಬ್ಯಾಟಲ್ಲಿ ಆಡ್ಬೇಡಿ, ಮುರಿದ ಹಲಗೆ ಹಾರಿ ಎದುರಿಗಿದ್ದೋನ ಮುಖಕ್ಕೆ ಬೀಳ್ಬಹುದು. ಹಲಗೆ ಚೆನ್ನಾಗಿದ್ರೆ ಹೊಸ ಹಿಡಿ ಕೂರಿಸಿಕೊಳ್ಳಿ.

ಹನ್ನೊಂದು ಜನ ಚಂದಾ ಎತ್ತಿ ತಂದ ಬ್ಯಾಟು, ಹಲಗೆ ಗಟ್ಟಿ ಇರುವಾಗಲೇ ಹಿಡಿ ಹೋಯ್ತು ಅಂತ ಮೂಲೆ ಸೇರೋದು ನೋಡೋಕಾಗಲ್ಲ ಕಣ್ರಿ. ಸುತ್ತಿಸೋಕೆ ಕೊಟ್ರೆ ಸುತ್ತೋರ ಹತ್ರ ಚೌಕಾಸಿ ಮಾಡ್ಬೇಡಿ, ಅರ್ಧ ಗಂಟೆ ಬೆರಳು ನೋಯೋ ಕೆಲಸ ಅದು.

ನಿಮ್ಮೂರಲ್ಲಿ ಹಿಡಿಗೆ ದಾರ ಸುತ್ತಿಕೊಡೋರು ಇದ್ದಾರಾ? ಊರು, ಬೀದಿ ಕೆಳಗೆ ಬರೀರಿ. ಮುಂದಿನ ಭಾಗದಲ್ಲಿ ಬ್ಯಾಟಿಗೆ ಎಣ್ಣೆ ಹಚ್ಚೋ ವಿಷಯ.

#ತುಮಕೂರು #ಗುಬ್ಬಿ #ಕುಣಿಗಲ್ #ಗಲ್ಲಿಕ್ರಿಕೆಟ್