ಮದುವೆಯ ಸೂಟು, ಮರುದಿನದ ಸೂಟು

ಧಾರೆಯ ಸೀರೆಯನ್ನು ಆರಿಸಲು ಹೊರಟ ಕುಟುಂಬ ಜವಳಿ ಅಂಗಡಿಯಲ್ಲಿ ಅರ್ಧ ದಿನವನ್ನಾದರೂ ಕಳೆಯುತ್ತದೆ. ಸೆರಗನ್ನು ಬೆಳಕಿಗೆ ಹಿಡಿದು ನೋಡುವುದು, ಅಂಚಿನ ಜರಿಯನ್ನು ಉಗುರಿನಿಂದ ಕೆರೆದು ಪರೀಕ್ಷಿಸುವುದು, ಬಣ್ಣ ನಿಲ್ಲುವುದೇ ಎಂದು ಮೂರು ಬಾರಿ ಕೇಳುವುದು, ಇಷ್ಟೆಲ್ಲ ನಡೆದ ಮೇಲೆ ಅದೇ ಕುಟುಂಬ ವರನ ಸೂಟಿನ ಬಟ್ಟೆಗೆ ಕೊಡುವ ಹೊತ್ತು ಕಾಲುಗಂಟೆ. ವರನಾದರೋ ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಮಾತನಾಡುವವರು ಅವನ ಸೋದರಮಾವ. ಹಣ ಕೊಡುವವರು ಕನ್ಯೆಯ ತಂದೆ. ಬಟ್ಟೆಯನ್ನು ಆರಿಸುವವನು, ನಿಜವಾಗಿ ನೋಡಿದರೆ, ಅಂಗಡಿಯ ಗುಮಾಸ್ತೆ. ತೊಡಬೇಕಾದವನ ಅಭಿಪ್ರಾಯವೊಂದನ್ನು ಬಿಟ್ಟು ಉಳಿದೆಲ್ಲರ ಅಭಿಪ್ರಾಯಗಳೂ ಕೂಡಿ ಹುಟ್ಟುವ ವಸ್ತುವೇ ಮದುವೆಯ ಸೂಟು.

ಕೋಲಾರದ ಸೀಮೆಯ ಒಂದು ಮದುವೆಯನ್ನು ಕಲ್ಪಿಸಿಕೊಳ್ಳಬಹುದು. ವರ ಮಾಲೂರಿನವನು; ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಕಚೇರಿಯೊಂದರಲ್ಲಿ ದುಡಿದು, ರಾತ್ರಿ ಮನೆ ಸೇರುವವನು. ಕನ್ಯೆ ಶ್ರೀನಿವಾಸಪುರದ ಕಡೆಯವಳು. ತಂದೆಗೆ ನಾಲ್ಕು ಎಕರೆ ಮಾವಿನ ತೋಟ. ಲಗ್ನ ಮೇ ತಿಂಗಳ ಮೊದಲಲ್ಲಿ. ಕಾಯಿ ಇನ್ನೂ ಮರದಲ್ಲಿದೆ. ಮಂಡಿಯಿಂದ ಹಣ ಕೈಗೆ ಬರುವುದು ತಡ. ಖರ್ಚು ಮಾತ್ರ ಯಾವ ಫಸಲಿಗೂ ಕಾಯುವುದಿಲ್ಲ.

“ಬೀಗರೇ, ಹುಡುಗನಿಗೆ ಒಂದು ಒಳ್ಳೆಯ ಸೂಟು ಕೊಡಿಸಿಬಿಡಿ. ನಾವು ಬೇರೆ ಏನನ್ನೂ ಕೇಳುವವರಲ್ಲ” ಎಂದು ವರನ ಕಡೆಯ ಹಿರಿಯರು ನಗುನಗುತ್ತಲೇ ಹೇಳುತ್ತಾರೆ.

“ಅದಕ್ಕೇನು ಸ್ವಾಮಿ, ತಮ್ಮ ಮನಸ್ಸಿಗೆ ಬಂದದ್ದೇ ಆಗಲಿ” ಎನ್ನದೆ ಕನ್ಯಾಪಿತೃವಿಗೆ ಗತಿಯಿಲ್ಲ.

ಮನಸ್ಸಿಗೆ ಬರುವುದು ಯಾವುದು? ಕೋಟು, ಷರಾಯಿ, ಒಳಗೊಂದು ವೇಸ್ಟ್‌ಕೋಟು, ಹೀಗೆ ಮೂರು ತುಂಡಿನ, ದಾಕ್ಷಿಣ್ಯವಿಲ್ಲದೆ ಮಿರುಗುವ, ಕಡುಗೆಂಪು ಬಣ್ಣದ ಸೂಟು. ಮುಹೂರ್ತಕ್ಕೆ ಅದು ಬೇಕಾಗಿಲ್ಲ. ಅಲ್ಲಿ ಪಂಚೆ, ಶಲ್ಯ, ಪೇಟಗಳದೇ ರಾಜ್ಯ. ಸೂಟಿನ ಆಯುಷ್ಯವೆಲ್ಲ ಹಿಂದಿನ ಸಂಜೆಯ ಆರತಕ್ಷತೆಯ ಮೂರು ಗಂಟೆಗಳಲ್ಲಿ ಮುಗಿಯಬೇಕು. ಆ ಮೂರು ಗಂಟೆಗಳಾದರೂ ಸುಖದವೇ? ಬೇಸಗೆಯ ಸಂಜೆ, ತುಂಬಿದ ಛತ್ರ, ಮುಖಕ್ಕೆ ಹಿಡಿದ ವಿಡಿಯೋ ದೀಪಗಳು, ಮೈಮೇಲೆ ಗಾಳಿಯಾಡದ ಮೂರು ಪದರ. ಆಲ್ಬಮ್ಮನ್ನು ಮುಂದೆ ತೆರೆದು ನೋಡಿದಾಗ ವರನ ಕೈಯಲ್ಲಿ ಕರವಸ್ತ್ರವಿಲ್ಲದ ಚಿತ್ರವನ್ನು ಹುಡುಕಬೇಕಾಗುತ್ತದೆ.

ಮರುದಿನದಿಂದ ಆ ಸೂಟು ಬೀರುವಿನ ವಾಸಿ. ಕಡುಗೆಂಪು ಮಿರುಗುವ ಉಡುಪಿನಲ್ಲಿ ಮಾಲೂರಿನ ರೈಲು ಹತ್ತುವ ಧೈರ್ಯ ಯಾರಿಗಿದೆ? ಕಚೇರಿಗೆ ಹಾಕಿಕೊಂಡು ಹೋದರೆ ಸಹೋದ್ಯೋಗಿಗಳು ಎರಡನೆಯ ಮದುವೆಯೇ ಎಂದು ಕೇಳಿಯಾರು. ಶ್ರೀನಿವಾಸಪುರದ ಗೃಹಸ್ಥ ಫಸಲಿನ ಮೇಲೆ ಪಡೆದ ಮುಂಗಡದ ಒಂದು ಪಾಲು ಹೀಗೆ ನುಸಿಗುಳಿಗೆಯ ವಾಸನೆಯಲ್ಲಿ ತೂಗಿಕೊಂಡಿರುತ್ತದೆ.

೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯ ಮಾತು ಬಂದಾಗ ಗೃಹಸ್ಥರು ಕಾರು, ನಿವೇಶನ, ನಗದು ಇವುಗಳನ್ನು ನೆನೆಯುವರೇ ಹೊರತು ಸೂಟನ್ನು ನೆನೆಯುವುದಿಲ್ಲ. ೧೯೮೪ರ ತಿದ್ದುಪಡಿಯ ಅನಂತರ ಕಾಯಿದೆ ಹೇಳುವುದು ಸ್ಪಷ್ಟವಾಗಿದೆ: ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ, ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕು, ಕನ್ಯೆಯ ಕಡೆಯವರು ಕೊಡುವುದು ವಾಡಿಕೆಯ ರೀತಿಯದಾಗಿರಬೇಕು, ಕೊಡುವವರ ಸ್ಥಿತಿಗತಿಗೆ ಮೀರಿದ ಬೆಲೆಯದಾಗಿರಬಾರದು. “ಕೇಳದೆ” ಎಂಬ ಒಂದು ಪದದಲ್ಲಿಯೇ ಎಲ್ಲವೂ ಇದೆ. ನಗುತ್ತ ಕೇಳಿದ್ದೂ ಕೇಳಿದ್ದೇ. ಬೆಂಗಳೂರಿನಲ್ಲಿ ಸಂಬಳ ಎಣಿಸುವ ಹುಡುಗ ತನ್ನ ಮೈಯ ಬಟ್ಟೆಗೆ ತಾನೇ ಹಣ ಕೊಟ್ಟರೆ ಎರಡು ಲಾಭಗಳುಂಟು. ಮಾವನ ಎದುರು ತಲೆಯೆತ್ತಿ ನಿಲ್ಲಬಹುದು. ಬಟ್ಟೆ ಆರಿಸುವಾಗ ಬಾಯಿ ಬಿಡಬಹುದು. ಈಗ ಊರೂರಿನಲ್ಲಿಯೂ ಮದುವೆಯ ಸೂಟು ಬಾಡಿಗೆಗೆ ಸಿಗುತ್ತದೆ. ಮಿರುಗಲೇಬೇಕೆಂಬ ಹಟವಿದ್ದರೆ ಒಂದು ಸಂಜೆಯ ಮಿರುಗನ್ನು ಬಾಡಿಗೆಗೆ ತಂದು ಮರುದಿನ ಹಿಂದಿರುಗಿಸುವುದೇ ವಿವೇಕ. ಹೊಲಿಸುವುದಾದರೆ ಮರುದಿನಕ್ಕೂ ಆಗುವುದನ್ನು ಹೊಲಿಸಬೇಕು.

ಕೋಟು ಈ ಸೀಮೆಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳು ೧೮೮೦ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದಾಗ ಆಂಗ್ಲ ಅಧಿಕಾರಿಗಳ ಉಡುಪನ್ನು ಇಲ್ಲಿಯ ಜನ ಹತ್ತಿರದಿಂದಲೇ ಕಂಡರು. ಮೈಸೂರಿನ ಅರಮನೆಯ ದಸರಾ ದರ್ಬಾರಿಗೆ ಹೋಗುವವರಿಗೆ ಕಪ್ಪು ಉದ್ದಕೋಟು, ಬಿಳಿಯ ಷರಾಯಿ, ಜರಿಪೇಟ ಕಡ್ಡಾಯವಾಗಿದ್ದವು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವನ್ನು ನೋಡದ ಕನ್ನಡಿಗನಿಲ್ಲ: ಕೊರಳಿಗೆ ಟೈ, ಮೈಗೆ ಒಪ್ಪಿದ ಸೂಟು, ತಲೆಗೆ ಜರಿಯಂಚಿನ ಮೈಸೂರು ಪೇಟ. ಪಶ್ಚಿಮದ ಕೋಟೂ ಮೈಸೂರಿನ ಪೇಟವೂ ಅವರ ಮೈಮೇಲೆ ಜಗಳವಾಡಲಿಲ್ಲ. ಅದೇ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು, ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಖಾದಿಯ ಪಂಚೆ, ಜುಬ್ಬ, ಟೋಪಿಗಳನ್ನು ಬಿಡಲಿಲ್ಲ. ಸೂಟಿಲ್ಲದಿದ್ದರೆ ಮರ್ಯಾದೆಯಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಇಬ್ಬರೂ ತಮ್ಮ ಉಡುಪನ್ನು ತಾವೇ ಆರಿಸಿಕೊಂಡವರು.

ಇವೆರಡರ ನಡುವೆ ಮತ್ತೊಂದು ದಾರಿಯುಂಟು. ಬಹುಮಟ್ಟಿಗೆ ಅದೇ ಈ ಸೀಮೆಗೆ ಒಪ್ಪುವ ದಾರಿ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿ ೧೯೧೪ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದ ಮಾಸ್ತಿ, ಇವರ ತಲೆಮಾರಿನ ವಿದ್ಯಾವಂತರಲ್ಲಿ ಕೊರಳವರೆಗೆ ಗುಂಡಿ ಹಾಕುವ ಕೋಟು ಬಳಕೆಯಲ್ಲಿತ್ತು. ಅದು ಕಚ್ಚೆಪಂಚೆಯ ಮೇಲೂ ಸಲ್ಲುತ್ತಿತ್ತು, ಷರಾಯಿಯ ಮೇಲೂ ಸಲ್ಲುತ್ತಿತ್ತು. ಮನೆಗಳಲ್ಲಿ ಅದಕ್ಕೆ ಕ್ಲೋಸ್ ಕಾಲರ್ ಕೋಟು ಎಂದು ಹೆಸರು. ಈಗಿನ ಅಂಗಡಿಗಳಲ್ಲಿ ಅದರ ಹತ್ತಿರದ ನೆಂಟ ಬಂದ್‌ಗಲಾ ಅಥವಾ ಜೋಧಪುರಿ. ಭಾರತದ ರಾಯಭಾರಿಗಳು ಹೊರದೇಶಗಳಲ್ಲಿ ಅಧಿಕೃತ ಸಮಾರಂಭಗಳಿಗೆ ತೊಡುವ ಕೋಟು ಇದೇ. ಅಲ್ಲಿ ಸಲ್ಲುವುದು ಕೋಲಾರದ ಛತ್ರದಲ್ಲಿ ಸಲ್ಲದೆ ಹೋದೀತೇ?

ಅದರ ಅನುಕೂಲಗಳು ಸಣ್ಣವಲ್ಲ. ಟೈ ಬೇಡ, ವೇಸ್ಟ್‌ಕೋಟು ಬೇಡ, ಒಳಗಿನ ಅಂಗಿ ತೆಳ್ಳಗಿದ್ದರೂ ನಡೆಯುತ್ತದೆ. ಕಡುನೀಲಿಯ ಅಥವಾ ಬೂದಿಗಪ್ಪಿನ ಬಟ್ಟೆಯಲ್ಲಿ ಹೊಲಿಸಿದರೆ ಆರತಕ್ಷತೆಗೆ ಆಯಿತು, ತಂಗಿಯ ಮದುವೆಗೆ ಆಯಿತು, ಗೆಳೆಯನ ಗೃಹಪ್ರವೇಶಕ್ಕೂ ಆಯಿತು. ಮತ್ತೊಂದು ಗುಣವನ್ನು ಸಭೆಗಳಲ್ಲಿ ಕುಳಿತವರೇ ಬಲ್ಲರು. ಮುಳಬಾಗಿಲಿನ ಶಾಲೆಯೊಂದರಲ್ಲಿ ನಿವೃತ್ತರಾಗುವ ಮುಖ್ಯೋಪಾಧ್ಯಾಯರಿಗೆ ಸನ್ಮಾನವೆಂದರೆ ಹಾರ, ಶಾಲು, ಪೇಟ, ಹಣ್ಣಿನ ತಟ್ಟೆ ಇವಿಷ್ಟೂ ಒಂದೇ ನಿಮಿಷದಲ್ಲಿ ಒಬ್ಬ ಮನುಷ್ಯನ ಮೇಲೆ ಬೀಳುತ್ತವೆ. ತೆರೆದೆದೆಯ ಸೂಟಾದರೆ ಹಾರ ಟೈಯನ್ನು ಹಿಸುಕುತ್ತದೆ, ಟೈ ಅಂಗಿಯನ್ನು ಎಳೆಯುತ್ತದೆ, ಸನ್ಮಾನಿತರ ಮುಖದಲ್ಲಿ ಕೃತಜ್ಞತೆಗೆ ಬದಲಾಗಿ ಉಸಿರುಕಟ್ಟಿದ ಭಾವ ಕಾಣುತ್ತದೆ. ಮುಚ್ಚಿದ ಕೊರಳಿನ ಕೋಟು ಹಾರವನ್ನೂ ಶಾಲನ್ನೂ ಸಮಾಧಾನದಿಂದ ಹೊರುತ್ತದೆ.

ಹಾಗಾದರೆ ತೆರೆದೆದೆಯ ಸೂಟಿಗೆ ಸ್ಥಳವಿಲ್ಲವೇ? ಉಂಟು, ಉದ್ಯೋಗದ ಸಂದರ್ಶನದಲ್ಲಿ. ಹಳ್ಳಿಯಿಂದ ಓದಿ ಬಂದ ಹುಡುಗನಿಗೆ ಬೆಂಗಳೂರಿನ ಗಾಜಿನ ಕಟ್ಟಡದ ಬಾಗಿಲು ದಾಟುವಾಗ ಮೈಗೆ ಒಪ್ಪುವ ಒಂದು ಕೋಟು ಕೊಡುವ ಧೈರ್ಯವನ್ನು ಹಗುರವಾಗಿ ಕಾಣಬಾರದು. ಎದುರು ಕುಳಿತ ಮೂವರು ಸೂಟಿನಲ್ಲಿದ್ದು ತಾನೊಬ್ಬನೇ ಬೇರೆಯಾಗಿ ಕುಳಿತಾಗ ಬಲ್ಲ ಉತ್ತರವೂ ಗಂಟಲಲ್ಲಿ ನಿಲ್ಲುತ್ತದೆ. ಬಣ್ಣ ಕಡುನೀಲಿಯೋ ನಡುಬೂದಿಯೋ ಇರಲಿ. ಗೆರೆ, ಚೌಕಳಿ ಬೇಡ. ಎರಡು ಗುಂಡಿ ಸಾಕು. ಕೆಳಗಿನ ಗುಂಡಿಯನ್ನು ಹಾಕದೆ ಬಿಡುವುದು ರೂಢಿ. ಅಪ್ಪಟ ಕಪ್ಪನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ಹಗಲಿನ ಬೆಳಕಿನಲ್ಲಿ ಅದು ಬೇಗ ಮಾಸಿದಂತೆ ಕಾಣುತ್ತದೆ. ಅಲ್ಲದೆ ಕೋಲಾರದ ಕೆಂಧೂಳು ಅದರ ಮೇಲೆ ತನ್ನ ಹೆಸರನ್ನೇ ಬರೆಯುತ್ತದೆ.

ಕಪ್ಪು ಕೋಟು ವಕೀಲರ ಸ್ವತ್ತು. ಅವರಿಗೆ ಆರಿಸುವ ಚಿಂತೆಯಿಲ್ಲ. ಬಾರ್ ಕೌನ್ಸಿಲಿನ ನಿಯಮವೇ ಆರಿಸಿಬಿಟ್ಟಿದೆ. ಆ ನಿಯಮದಲ್ಲಿಯೂ ಒಂದಿಷ್ಟು ಕರುಣೆ ಇದೆ: ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳನ್ನು ಬಿಟ್ಟರೆ ಉಳಿದೆಡೆ ಬೇಸಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ. ಕೋಲಾರದ ಜಿಲ್ಲಾ ನ್ಯಾಯಾಲಯದ ವಕೀಲರು ಏಪ್ರಿಲಿನಲ್ಲಿ ಈ ಒಂದು ವಾಕ್ಯಕ್ಕೆ ಕೈಮುಗಿಯಬೇಕು.

ಇಂಗ್ಲಿಷ್ ಉಡುಪಿನ ಪುಸ್ತಕಗಳು ಶವಸಂಸ್ಕಾರಕ್ಕೂ ಒಂದು ಕಪ್ಪು ಸೂಟನ್ನು ವಿಧಿಸುತ್ತವೆ. ಇಲ್ಲಿ ಅದು ಬೇಕಿಲ್ಲ. ಸಾವಿನ ಮನೆಗೆ ಸೂಟಿನಲ್ಲಿ ಹೋದವನನ್ನು ಜನ ಬ್ಯಾಂಕಿನಿಂದ ಸಾಲ ವಸೂಲಿಗೆ ಬಂದವನೆಂದು ತಿಳಿದಾರು. ಸಾದಾ ಬಿಳಿ ಬಟ್ಟೆ ಸಾಕು.

ಇನ್ನು ಬಟ್ಟೆಯ ಮಾತು. ಒಂದೂವರೆ ಮೀಟರ್ ಅಗಲದ ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವನ ಕೋಟು-ಷರಾಯಿಗೆ ಮೂರರಿಂದ ಮೂರೂಕಾಲು ಮೀಟರ್ ಬೇಕು. ತೆಳುವಾಗಿ ನೇಯ್ದ ಉಣ್ಣೆ, ಮೀಟರಿಗೆ ೨೫೦ ಗ್ರಾಂ ಆಸುಪಾಸಿನದು, ಈ ಹವೆಗೆ ಒಪ್ಪುತ್ತದೆ. ಉಣ್ಣೆಯೆಂದರೆ ಸೆಕೆಯೆಂದು ಹೆದರುವವರು ಬಹಳ ಮಂದಿ. ಆದರೆ ಸೆಕೆಯನ್ನು ಹೆಚ್ಚಿಸುವುದು ಬಹುಮಟ್ಟಿಗೆ ಪಾಲಿಯೆಸ್ಟರ್. ಉಣ್ಣೆಯ ನೂಲು ಬೆವರಿನ ಹಸಿಯನ್ನು ಹೀರಿಕೊಂಡು ಹೊರಗೆ ಬಿಡುತ್ತದೆ, ಪಾಲಿಯೆಸ್ಟರ್ ಅದನ್ನು ಮೈಗೇ ಅಂಟಿಸುತ್ತದೆ. ಅಂಗಡಿಯವರ ಮಾತಿನಲ್ಲಿ ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯಬೇಕು. ಉಣ್ಣೆ ಸುಟ್ಟ ಕೂದಲಿನಂತೆ ನಾರಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಎರಡನ್ನೂ ಬೆರೆಸಿದ ಬಟ್ಟೆ ಎರಡರ ಗುಣವನ್ನೂ ತೋರುತ್ತದೆ. ಅಂಥ ಮಿಶ್ರ ಬಟ್ಟೆ ಕೆಟ್ಟದ್ದಲ್ಲ, ಮಡಿಕೆ ಬೀಳುವುದು ಕಡಿಮೆ, ಬೆಲೆಯೂ ಕೈಗೆಟಕುತ್ತದೆ. ಉಣ್ಣೆಯ ಬೆಲೆ ಕೊಟ್ಟು ಅದನ್ನು ತರಬಾರದು, ಅಷ್ಟೇ.

ದರ್ಜಿಯ ಆಯ್ಕೆ ಬಟ್ಟೆಯ ಆಯ್ಕೆಗಿಂತ ದೊಡ್ಡದು. ಅಂಗಿ ಚೆನ್ನಾಗಿ ಹೊಲಿಯುವವರೆಲ್ಲ ಕೋಟು ಹೊಲಿಯಬಲ್ಲರೆಂದಲ್ಲ. ಅವರು ಹಿಂದೆ ಹೊಲಿದ ಒಂದು ಕೋಟನ್ನು ಕೇಳಿ ನೋಡುವುದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಕಸುಬುದಾರರು ಅದನ್ನು ಸಂತೋಷದಿಂದ ತೋರಿಸುತ್ತಾರೆ. ಎದೆಯ ಭಾಗದ ಹೊರಬಟ್ಟೆ, ಒಳಬಟ್ಟೆಗಳನ್ನು ಬೆರಳುಗಳಿಂದ ಹಿಡಿದು ಮೆಲ್ಲಗೆ ಬಿಡಿಸಿ ನೋಡಬೇಕು. ನಡುವೆ ಬೇರೊಂದು ಪದರ ಸರಿದಾಡಿದರೆ ಕ್ಯಾನ್ವಾಸನ್ನು ಹೊಲಿದು ಕೂಡಿಸಿದ್ದಾರೆ. ಎಲ್ಲವೂ ಒಂದೇ ಹಲಗೆಯಂತೆ ಗಟ್ಟಿಯಾಗಿದ್ದರೆ ಅಂಟಿಸಿದ್ದಾರೆ. ಅಂಟಿಸಿದ್ದು ಕೆಲವು ಬಾರಿ ಇಸ್ತ್ರಿ ಕಂಡ ಮೇಲೆ ಎದೆಯ ಮೇಲೆ ಗುಳ್ಳೆ ಏಳುವುದುಂಟು.

ಅಳತೆ ಕೊಡಲು ಹೋಗುವಾಗ ಕೋಟಿನೊಳಗೆ ತೊಡುವ ಅಂಗಿಯನ್ನೂ ಜೊತೆಗೆ ಮೆಟ್ಟುವ ಬೂಟನ್ನೂ ಧರಿಸಿ ಹೋಗಬೇಕು. ಚಪ್ಪಲಿಯಲ್ಲಿ ನಿಂತು ಅಳೆಸಿದ ಷರಾಯಿ ಬೂಟಿನ ಮೇಲೆ ಮೊಟಕಾಗುತ್ತದೆ. ಅಳತೆಯ ಹೊತ್ತಿಗೆ ಹೊಟ್ಟೆಯನ್ನು ಎಳೆದು ಎದೆಯುಬ್ಬಿಸಿ ನಿಲ್ಲುವ ವೀರರಿದ್ದಾರೆ; ಆರತಕ್ಷತೆಯ ಮೂರು ಗಂಟೆಯೂ ಹಾಗೆಯೇ ನಿಲ್ಲಬಲ್ಲರಾದರೆ ಅಡ್ಡಿಯಿಲ್ಲ. ಕಚ್ಚಾ ಹೊಲಿಗೆಯ ಟ್ರಯಲ್ ನೋಡದೆ ಕೋಟನ್ನು ಒಪ್ಪಿಕೊಳ್ಳುವುದು ಮುಖ ನೋಡದೆ ಹೆಣ್ಣು ಒಪ್ಪಿದಂತೆ. ಆಗ ಮೊದಲು ನೋಡಬೇಕಾದದ್ದು ಭುಜ. ಭುಜದ ಹೊಲಿಗೆ ಭುಜದ ಎಲುಬು ಮುಗಿಯುವಲ್ಲಿಯೇ ಮುಗಿಯಬೇಕು. ಸೊಂಟವನ್ನು ಆಮೇಲೆ ಬಿಗಿ ಮಾಡಬಹುದು, ತೋಳನ್ನು ಮೋಟು ಮಾಡಬಹುದು. ಭುಜ ಕೆಟ್ಟರೆ ಕೋಟನ್ನೇ ಬಿಚ್ಚಬೇಕು. ತೋಳಿನ ಕೆಳಗೆ ಅಂಗಿಯ ಪಟ್ಟಿ ಅರ್ಧ ಅಂಗುಲ ಕಾಣಲಿ. ಕೈಗಳನ್ನು ಮುಂದೆ ಚಾಚಿ, ಬಗ್ಗಿ, ಒಮ್ಮೆ ನೆಲದ ಮೇಲೂ ಕುಳಿತು ನೋಡಬೇಕು. ಪುಸ್ತಕಗಳಲ್ಲಿ ಈ ಕೊನೆಯ ಸಲಹೆ ಇರಲಾರದು. ಆದರೆ ಆರತಿಯ ವೇಳೆಗೆ ಸೂಟಿನಲ್ಲಿಯೇ ಮಣೆಯ ಮೇಲೆ ಕುಳಿತ ಅಳಿಯನ ಷರಾಯಿ ಸದ್ದು ಮಾಡಿದ ಪ್ರಸಂಗಗಳು ಎಷ್ಟೋ ಮನೆಗಳ ಇತಿಹಾಸದಲ್ಲಿವೆ.

ಲಗ್ನದ ತಿಂಗಳುಗಳಲ್ಲಿ ದರ್ಜಿಗಳ “ನಾಳೆ ಬನ್ನಿ” ಎಂಬ ಮಾತಿಗೆ ಪಂಚಾಂಗದ ಆಧಾರವಿರುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಒಂದು ತಿಂಗಳು ಮುಂಚೆಯೇ ಕೊಡಬೇಕು. ಬೆನ್ನಿನ ನಡುಹೊಲಿಗೆಯಲ್ಲಿಯೂ ಷರಾಯಿಯ ಹಿಂಭಾಗದಲ್ಲಿಯೂ ಒಳಗೆ ಒಂದು ಅಂಗುಲ ಬಟ್ಟೆಯನ್ನು ಬಿಡುವಂತೆ ಆಗಲೇ ಹೇಳಬೇಕು. ಮದುವೆಯಾದ ಮೊದಲ ವರ್ಷದ ಹಬ್ಬಗಳಲ್ಲಿ ಅತ್ತೆಯ ಮನೆಯ ಒಬ್ಬಟ್ಟು ತನ್ನ ಕೆಲಸವನ್ನು ಮಾಡದೆ ಬಿಡುವುದಿಲ್ಲ. ಸಿದ್ಧವಾದ ಸೂಟನ್ನು ತರುವಾಗ ಉಳಿದ ಬಟ್ಟೆಯ ಒಂದು ಗೇಣಿನ ತುಂಡನ್ನೂ ಎರಡು ಹೆಚ್ಚಿನ ಗುಂಡಿಗಳನ್ನೂ ಕೇಳಿ ಪಡೆದು, ಅಳತೆಯ ಚೀಟಿಯೊಡನೆ ಒಂದು ಲಕೋಟೆಯಲ್ಲಿ ಹಾಕಿ, ಕೋಟಿನ ಒಳಜೇಬಿನಲ್ಲಿಯೇ ಇಟ್ಟರೆ, ಸಂದರ್ಶನದ ಹಿಂದಿನ ರಾತ್ರಿ ಗುಂಡಿ ಕಿತ್ತು ಬಂದಾಗ ಮನೆಮಂದಿಯೆಲ್ಲ ಸೂಜಿದಾರದ ಡಬ್ಬಿಯನ್ನು ತಲೆಕೆಳಗು ಮಾಡಬೇಕಾಗಿಲ್ಲ.