ಸಾಗರದಾಚೆಯ ವಿದ್ಯೆ: ಸಾಲಕ್ಕಿಂತ ಮೊದಲು ಲೆಕ್ಕ

ಮಳೆಗಾಲದ ಆರಂಭದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಚರ್ಚಿನ ಕಚೇರಿಗೆ ಬಂದಿತು. ತಂದೆ ಇಪ್ಪತ್ತೆರಡು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಮರಳಿದವರು. ಮಗ ಇಂಜಿನಿಯರಿಂಗ್ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ತಾಯಿ ಮೇಜಿನ ಮೇಲಿಟ್ಟ ಫೈಲಿನಲ್ಲಿ ಮೂರು ದೇಶಗಳ ವಿಶ್ವವಿದ್ಯಾನಿಲಯಗಳ ಪತ್ರಗಳು, ಏಜೆಂಟರ ರಸೀದಿ ಮತ್ತು ಮನೆಯ ದಾಖಲೆಪತ್ರಗಳ ಜೆರಾಕ್ಸ್ ಪ್ರತಿಗಳಿದ್ದವು. “ಫಾದರ್, ಯಾವ ದೇಶ ಒಳ್ಳೆಯದೆಂದು ನೀವೇ ಹೇಳಬೇಕು” ಎಂದರು ತಂದೆ. “ಅಲ್ಲಿ ಕೆಲಸ ಸಿಗದೆ ಹುಡುಗ ಹಿಂದಿರುಗಿ ಬಂದರೆ ಈ ಸಾಲವನ್ನು ತೀರಿಸುವವರು ಯಾರು?” ಎಂದು ನಾನು ಕೇಳಿದೆ. ಮೂವರೂ ಪರಸ್ಪರ ಮುಖ ನೋಡಿಕೊಂಡರು. ಆ ಪ್ರಶ್ನೆ ಅವರ ಮನೆಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಕರಾವಳಿಯ ನಮ್ಮ ಸಮಾಜಕ್ಕೆ ವಲಸೆ ಹೊಸದಲ್ಲ. ನಮ್ಮ ಅಜ್ಜಂದಿರು ಮುಂಬಯಿಗೆ ಹೋದರು. 1970ರ ದಶಕದ ಬಳಿಕ ನಮ್ಮ ತಂದೆ, ಚಿಕ್ಕಪ್ಪಂದಿರು ಕೊಲ್ಲಿಗೆ ಹೋದರು. ಆದರೆ ಅವರು ಹೋದದ್ದು ದುಡಿಯುವುದಕ್ಕೆ. ಮೊದಲ ತಿಂಗಳ ಸಂಬಳದಿಂದಲೇ ಮನೆಗೆ ಹಣ ಬರುತ್ತಿತ್ತು. ಇಂದಿನ ವಲಸೆಯ ಸ್ವರೂಪವೇ ಬೇರೆ. ನಮ್ಮ ಮಕ್ಕಳು ಮೊದಲು ಹಣ ತೆತ್ತು ಹೋಗುತ್ತಾರೆ. ಗಳಿಕೆ ಎರಡು ಮೂರು ವರ್ಷಗಳ ಆಚೆಗಿರುವ ಒಂದು ನಿರೀಕ್ಷೆ. ಅಂದು ಮನೆಗೆ ಮನಿಯಾರ್ಡರ್ ಬರುತ್ತಿತ್ತು, ಇಂದು ಮನೆಯೇ ಅಡವಿಗೆ ಹೋಗುತ್ತಿದೆ. ಈ ವ್ಯತ್ಯಾಸವನ್ನು ಗ್ರಹಿಸದೆ ಹಳೆಯ ಧೈರ್ಯದಿಂದಲೇ ಹೊಸ ಸಾಹಸಕ್ಕೆ ಇಳಿಯುವುದು ಅಪಾಯಕರ.

ಇದರೊಂದಿಗೆ, ಆ ನಿರೀಕ್ಷೆಗೆ ಆಧಾರವಾಗಿದ್ದ ನಿಯಮಗಳೂ ಇತ್ತೀಚಿನ ವರ್ಷಗಳಲ್ಲಿ ಬದಲಾಗಿವೆ. ಕೆನಡಾವನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿಯೊಬ್ಬ ಶುಲ್ಕ ಮತ್ತು ಪ್ರಯಾಣದ ವೆಚ್ಚವಲ್ಲದೆ ಜೀವನ ನಿರ್ವಹಣೆಗಾಗಿ ತೋರಿಸಬೇಕಾದ ಮೊತ್ತ 2023ರ ಅಂತ್ಯದವರೆಗೆ 10,000 ಕೆನಡಾ ಡಾಲರ್ ಇತ್ತು. 2024ರ ಜನವರಿ 1ರಿಂದ ಅದು 20,635ಕ್ಕೆ ಏರಿತು; 2025ರ ಸೆಪ್ಟೆಂಬರ್ 1ರಿಂದ 22,895 ಆಯಿತು. ಡಾಲರಿಗೆ 62 ರೂಪಾಯಿಯಂತೆ ಎಣಿಸಿದರೆ ಇದೊಂದೇ 14 ಲಕ್ಷ ರೂಪಾಯಿಗೆ ಮಿಗಿಲು. 2024ರ ಜನವರಿಯಲ್ಲಿ ಆ ಸರಕಾರ ವಿದ್ಯಾರ್ಥಿ ಪರವಾನಿಗೆಗಳ ಸಂಖ್ಯೆಗೇ ಮಿತಿ ಹಾಕಿತು. ಭಾರತದ ವಿದ್ಯಾರ್ಥಿಗಳಿಗೆ ಅರ್ಜಿ ಬೇಗ ಇತ್ಯರ್ಥವಾಗುತ್ತಿದ್ದ ವಿಶೇಷ ವ್ಯವಸ್ಥೆಯನ್ನು 2024ರ ನವೆಂಬರ್ 8ರಂದು ಮುಚ್ಚಿತು. ಅದೇ ತಿಂಗಳಿಂದ, ಪದವಿಯಲ್ಲದ ಅನೇಕ ಕಾಲೇಜು ಕೋರ್ಸುಗಳನ್ನು ಮುಗಿಸಿದವರಿಗೆ ಅಲ್ಲಿ ಕೆಲಸ ಮಾಡುವ ಪರವಾನಿಗೆ ದೊರೆಯುವುದು ಅವರು ಓದಿದ ವಿಷಯವನ್ನು ಅವಲಂಬಿಸತೊಡಗಿತು. ನಾಲ್ಕು ವರ್ಷಗಳ ಹಿಂದೆ ಹೋದ ನೆರೆಮನೆಯ ಹುಡುಗನ ಅನುಭವ ಇಂದು ಹೊರಡುವವನಿಗೆ ದಾರಿದೀಪವಾಗಲಾರದು.

ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಸಾಮಾನ್ಯ ಸ್ನಾತಕೋತ್ತರ ತರಗತಿಗೆ ಸೇರುವವರು ಪತಿ, ಪತ್ನಿ, ಮಕ್ಕಳನ್ನು ಆಶ್ರಿತರಾಗಿ ಕರೆದೊಯ್ಯುವಂತಿಲ್ಲ. ವ್ಯಾಸಂಗದ ಬಳಿಕ ಅಲ್ಲಿ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷಗಳ ಅವಧಿಯನ್ನು, 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಹದಿನೆಂಟು ತಿಂಗಳಿಗೆ ಇಳಿಸಲಾಗಿದೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರು ಪ್ರತಿ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು; ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024-25ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ವಿಧಿಸುತ್ತಿದೆ. ಶುಲ್ಕವಿಲ್ಲದ ಕಡೆಯೂ ವೀಸಾಕ್ಕೆ ಮುನ್ನ ವರ್ಷದ ಖರ್ಚಿನ ಹಣವನ್ನು ವಿಶೇಷ ಖಾತೆಯೊಂದರಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಇದನ್ನು 11,904 ಯೂರೋಗೆ ಏರಿಸಲಾಯಿತು. ಯೂರೋ ಒಂದಕ್ಕೆ ನೂರು ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಆ ಖಾತೆಯಿಂದ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಅವಕಾಶ. “ಜರ್ಮನಿಯಲ್ಲಿ ಎಲ್ಲವೂ ಪುಕ್ಕಟೆ” ಎಂದು ನಂಬಿ ಹೊರಡುವವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಎರಡು ವರ್ಷದ ವ್ಯಾಸಂಗಕ್ಕೆ 30 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 11, ಮರುಪಾವತಿಗೆ ಹತ್ತು ವರ್ಷ ಎಂದಿಟ್ಟುಕೊಳ್ಳಿ. ಓದುವ ಕಾಲದಲ್ಲಿಯೂ ಅನಂತರದ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಬಹಳ ಮಂದಿ ಬಡ್ಡಿಯೇ ಇಲ್ಲ ಎಂದು ತಿಳಿದಿದ್ದಾರೆ. ಹಾಗಲ್ಲ. ಅರ್ಧ ಹಣ ಮೊದಲ ವರ್ಷದ ಆರಂಭದಲ್ಲಿ, ಉಳಿದರ್ಧ ಎರಡನೆಯ ವರ್ಷದ ಆರಂಭದಲ್ಲಿ ಬಿಡುಗಡೆಯಾದರೆ, ಆ ಮೂರು ವರ್ಷಗಳ ಸರಳ ಬಡ್ಡಿಯೇ 8 ಲಕ್ಷದ 25 ಸಾವಿರ. ಅದು ಅಸಲಿಗೆ ಸೇರಿ 38 ಲಕ್ಷದ 25 ಸಾವಿರವಾಗುತ್ತದೆ. ಆಗ ತಿಂಗಳ ಕಂತು ಹೆಚ್ಚು ಕಡಿಮೆ 52,700 ರೂಪಾಯಿ. ಹತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ 63 ಲಕ್ಷವನ್ನು ಮೀರುತ್ತದೆ.

ಈ 52,700 ರೂಪಾಯಿಯನ್ನು ಯಾವ ಸಂಬಳದ ಪಕ್ಕದಲ್ಲಿಟ್ಟು ನೋಡಬೇಕು? ಏಜೆಂಟರು ಅದನ್ನು ಟೊರಾಂಟೊದ ಸಂಬಳದ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ನಾನಾದರೋ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಪದವೀಧರನ ಸಂಬಳದ ಪಕ್ಕದಲ್ಲಿಟ್ಟು ನೋಡಿರೆನ್ನುತ್ತೇನೆ. ಏಕೆಂದರೆ ಅಲ್ಲಿಯ ಉದ್ಯೋಗ ಪರರಾಷ್ಟ್ರದ ಸರಕಾರದ ಇಚ್ಛೆಗೆ ಒಳಪಟ್ಟದ್ದು; ಇಲ್ಲಿಯ ಸಾಲ ನಮ್ಮ ಸಹಿಗೆ ಒಳಪಟ್ಟದ್ದು. ಕಂತು ಇಲ್ಲಿಯ ಸಂಬಳದಿಂದ ಸಾಧ್ಯವೆಂದಾದರೆ, ಅಥವಾ ಕಷ್ಟಪಟ್ಟಾದರೂ ಮನೆಯ ಇತರ ಆದಾಯದಿಂದ ತುಂಬಿಸಬಹುದೆಂದಾದರೆ, ಧೈರ್ಯವಾಗಿ ಹೋಗಲಿ. ಸಾಧ್ಯವಿಲ್ಲದಿದ್ದರೆ ಸಾಲದ ಮೊತ್ತ ಇಳಿಯಬೇಕು, ಇಲ್ಲವೇ ಹೊರಡುವ ವರ್ಷ ಮುಂದಕ್ಕೆ ಹೋಗಬೇಕು. ಅರೆಕಾಲಿಕ ಕೆಲಸದಿಂದ ಸಾಲ ತೀರಿಸುವೆನೆಂಬುದು ಭ್ರಮೆ. ಕೆನಡಾದಲ್ಲಿ ತರಗತಿಗಳು ನಡೆಯುವಾಗ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ, ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ 20 ಗಂಟೆಯ ಮಿತಿಯಿದೆ. ಆ ದುಡಿಮೆ ಊಟ ಬಾಡಿಗೆಗೆ ನೆರವಾದೀತು, ಅಷ್ಟೆ. ವಿನಿಮಯ ದರವನ್ನೂ ಮರೆಯಬಾರದು. 2015ರಲ್ಲಿ 65 ರೂಪಾಯಿಯ ಆಸುಪಾಸಿನಲ್ಲಿದ್ದ ಅಮೆರಿಕದ ಡಾಲರು 2025ರ ಡಿಸೆಂಬರಿನಲ್ಲಿ 90 ದಾಟಿತು. ಎರಡನೆಯ ವರ್ಷದ ಶುಲ್ಕ ಮೊದಲನೆಯ ವರ್ಷದ ದರದಲ್ಲಿಯೇ ಇರುವುದೆಂದು ಎಣಿಸುವುದು ತರವಲ್ಲ.

ಹಣದ ಮೂಲಗಳ ವಿಚಾರ. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷಕ್ಕಿಂತ ಮೇಲಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಬೇಕು; ವಿದೇಶ ವ್ಯಾಸಂಗದ ಒಟ್ಟು ವೆಚ್ಚದ ಶೇಕಡಾ 15ನ್ನು ಕುಟುಂಬವೇ ಭರಿಸಬೇಕು. ತಂದೆ ತಾಯಿ ಇಲ್ಲಿ ಬರಿಯ ಸಾಕ್ಷಿಗಳಲ್ಲ, ಸಹ ಸಾಲಗಾರರು. ನಮ್ಮ ಮನೆಗಳಲ್ಲಿ ಹಿರಿಯರ ಆಸ್ತಿ ಎಷ್ಟೋ ವೇಳೆ ಪಾಲಾಗಿರುವುದಿಲ್ಲ. ಮುಂಬಯಿಯಲ್ಲಿರುವ ಅಣ್ಣನ, ಮದುವೆಯಾಗಿ ಹೋದ ಅಕ್ಕನ ಹಕ್ಕೂ ಅದರಲ್ಲಿರುತ್ತದೆ. ಅವರ ಒಪ್ಪಿಗೆಯನ್ನು ಕೊನೆಯ ವಾರ ಅವಸರದಲ್ಲಿ ಪಡೆಯುವುದು ಕಲಹದ ಬೀಜ. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಭದ್ರತೆಯಿಲ್ಲದೆ ಸಾಲ ಕೊಡುವುದುಂಟು; ಆದರೆ ಬಡ್ಡಿ ಹೆಚ್ಚು, ಓದುವಾಗಲೇ ಬಡ್ಡಿ ಕಟ್ಟಬೇಕಾಗುವುದೂ ಉಂಟು.

ಅಲ್ಪಸಂಖ್ಯಾತರಿಗೆ ಬಡ್ಡಿಯ ನೆರವು ನೀಡುತ್ತಿದ್ದ ಕೇಂದ್ರ ಸರಕಾರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ಅದನ್ನು ತೋರಿಸಿ ಶುಲ್ಕ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆಯಿದೆ. ಆಯಾ ವರ್ಷದ ಆದಾಯ ಮಿತಿಯನ್ನೂ ಷರತ್ತುಗಳನ್ನೂ ಜಿಲ್ಲಾ ಕಚೇರಿಯಲ್ಲಿ ನೇರವಾಗಿ ವಿಚಾರಿಸುವುದು ಒಳ್ಳೆಯದು. 1892ರಲ್ಲಿ ಸ್ಥಾಪನೆಯಾದ ಜೆ. ಎನ್. ಟಾಟಾ ದತ್ತಿ ನಿಧಿ ಪ್ರತಿಭಾವಂತರಿಗೆ ಇಂದಿಗೂ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತಿದೆ. ಜರ್ಮನಿಯ ಡಿಎಎಡಿ, ಬ್ರಿಟನ್ನಿನ ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್, ಯುರೋಪಿನ ಎರಾಸ್ಮಸ್ ಮುಂಡಸ್, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರೂ ವಿದ್ಯಾರ್ಥಿವೇತನಗಳಿವೆ. ಇವುಗಳಲ್ಲಿ ಹಲವಕ್ಕೆ ತರಗತಿ ಆರಂಭವಾಗುವ ಸುಮಾರು ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕು. ಚೀವ್ನಿಂಗ್‌ನಂಥವು ಕೆಲಸದ ಅನುಭವವನ್ನೂ ಕೇಳುತ್ತವೆ. ಆದ್ದರಿಂದ ಹೊರಡುವ ಸಿದ್ಧತೆ ಕನಿಷ್ಠ ಹದಿನೆಂಟು ತಿಂಗಳು ಮೊದಲು ತೊಡಗಬೇಕು. ಎರಡು ವರ್ಷ ಇಲ್ಲಿ ದುಡಿದು ಅನುಭವವನ್ನೂ ಒಂದಿಷ್ಟು ಉಳಿತಾಯವನ್ನೂ ಗಳಿಸಿ ಹೋಗುವವನು ಕಾಲ ಕಳೆದುಕೊಂಡವನಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. 2023ರಲ್ಲಿ ಕೆನಡಾದಲ್ಲಿದ್ದ ಅನೇಕ ಭಾರತೀಯ ವಿದ್ಯಾರ್ಥಿಗಳು ತಮ್ಮ ಪ್ರವೇಶಪತ್ರವೇ ನಕಲಿ ಎಂದು ತಿಳಿದು ಗಡೀಪಾರಿನ ಭೀತಿಗೆ ಒಳಗಾದರು. ಪತ್ರ ಕೊಡಿಸಿದ್ದವರು ಏಜೆಂಟರು. ಆ ವರ್ಷ ಡಿಸೆಂಬರ್ 1ರಿಂದ ಪ್ರತಿ ಪ್ರವೇಶಪತ್ರವನ್ನೂ ವಿದ್ಯಾಸಂಸ್ಥೆಯೇ ದೃಢಪಡಿಸಬೇಕೆಂಬ ನಿಯಮ ಬಂತು. ಆದರೂ ನಮ್ಮ ಕರ್ತವ್ಯ ಮುಗಿಯಲಿಲ್ಲ. ಏಜೆಂಟನ ಮಾತಿಗೆ ಕಟ್ಟುಬೀಳದೆ ವಿದ್ಯಾರ್ಥಿಯೇ ವಿಶ್ವವಿದ್ಯಾನಿಲಯಕ್ಕೆ ಬರೆದು ಕೇಳಬೇಕು. ಖಾತೆಯಲ್ಲಿ ತೋರಿಸಲೆಂದು ಕೆಲವು ವಾರಗಳಿಗೆ ಕೈಸಾಲ ತಂದು ಹಣ ತುಂಬುವ ಪದ್ಧತಿ ಕೆಲವೆಡೆ ಇದೆ. ಇದು ಸುಳ್ಳು, ಜಾಣತನವೂ ಅಲ್ಲ. ಆ ಹಣ ನಿಜವಾಗಿ ಬೇಕಾಗುವುದೆಂದೇ ಆ ದೇಶಗಳು ಕೇಳುತ್ತವೆ. ತೋರಿಸಿದ ಹಣ ಹಿಂದಿರುಗಿ ಹೋದಾಗ ಪರದೇಶದಲ್ಲಿ ಹಸಿಯುವವನು ನಮ್ಮ ಮಗನೇ.

ಗೋಪುರ ಕಟ್ಟಹೊರಟವನು ಮೊದಲು ಕುಳಿತು, ಮುಗಿಸುವಷ್ಟು ಹಣ ತನ್ನಲ್ಲಿದೆಯೇ ಎಂದು ಎಣಿಸುವ ದೃಷ್ಟಾಂತ ಲೂಕನ ಶುಭಸಂದೇಶದಲ್ಲಿದೆ. ಅಲ್ಲಿ ಗೋಪುರವನ್ನು ಯಾರೂ ಖಂಡಿಸಿಲ್ಲ. ಎಣಿಸದೆ ಅಡಿಪಾಯ ಹಾಕುವುದನ್ನು ಮಾತ್ರ ಖಂಡಿಸಲಾಗಿದೆ. ತತ್ತ್ವಶಾಸ್ತ್ರದಲ್ಲಿ ವಿವೇಕ ಎಂಬ ಸದ್ಗುಣವನ್ನು ನಾವು ಓದಿದ್ದೆವು. ಗುರಿ ಎಷ್ಟೇ ಉತ್ತಮವಾಗಿರಲಿ, ಅದಕ್ಕೆ ತಕ್ಕ ಮಾರ್ಗವನ್ನು ಸರಿಯಾಗಿ ಆಯುವುದೇ ವಿವೇಕ. ವಿದ್ಯೆ ಗುರಿ, ವಿದೇಶ ಒಂದು ಮಾರ್ಗ. ಮಾರ್ಗವೇ ಗುರಿಯಾದಾಗ ಯಾವ ಕೋರ್ಸು ಎಂಬ ಪ್ರಶ್ನೆ ಹಿಂದೆ ಸರಿದು, ಯಾವ ದೇಶ ಎಂಬ ಪ್ರಶ್ನೆಯೊಂದೇ ಉಳಿಯುತ್ತದೆ.

ಅಂದು ಕಚೇರಿಗೆ ಬಂದ ಕುಟುಂಬಕ್ಕೆ ನಾನು ಯಾವ ದೇಶದ ಹೆಸರನ್ನೂ ಹೇಳಲಿಲ್ಲ. ಒಂದು ಹಾಳೆ, ಒಂದು ಪೆನ್ನು ಕೊಟ್ಟೆ. ಮಗನೇ ಲೆಕ್ಕ ಬರೆದ. ಕೊನೆಯ ಸಾಲಿನ ಮೊತ್ತ ನೋಡಿ ಅವನು ಬಹಳ ಹೊತ್ತು ಸುಮ್ಮನಿದ್ದ. ಬಳಿಕ, “ಪಪ್ಪಾ, ನೀವು ಇಪ್ಪತ್ತೆರಡು ವರ್ಷದಲ್ಲಿ ಕಟ್ಟಿದ ಮನೆ ಇದು” ಎಂದ. ತಂದೆಗೆ ನೋವಾಯಿತು, ಮಗನ ಆಸೆಗೆ ಅಡ್ಡಬಂದೆನೆಂಬ ಅಳುಕು ಅವರ ಮುಖದಲ್ಲಿತ್ತು. ಆ ವರ್ಷ ಅವರು ಹಣ ಕಟ್ಟಲಿಲ್ಲ. ಹುಡುಗ ಈಗ ಕೆಲಸದಲ್ಲಿದ್ದಾನೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಿದ್ಧಪಡಿಸುತ್ತಿದ್ದಾನೆ. ದೊರೆಯುವುದೋ ಇಲ್ಲವೋ ದೇವರು ಬಲ್ಲ.

ವಿದೇಶದಲ್ಲಿರುವ ನಮ್ಮ ಯುವಜನರಲ್ಲಿ ಒಂದು ಬಿನ್ನಹ. ಕ್ರಿಸ್ಮಸ್ ರಜೆಗೆ ಊರಿಗೆ ಬಂದಾಗ ಹಿಮದ ಚಿತ್ರಗಳೊಂದಿಗೆ ಬಾಡಿಗೆಯ ಲೆಕ್ಕವನ್ನೂ ತನ್ನಿ. ರಾತ್ರಿ ಪಾಳಿಯ ಕೆಲಸ, ಉತ್ತರ ಬಾರದ ನೂರಾರು ಅರ್ಜಿಗಳು, ಒಂದು ಕೋಣೆಯಲ್ಲಿ ನಾಲ್ವರ ವಾಸ, ಇವನ್ನು ಮರೆಮಾಚಬೇಡಿ. ನೀವು ನಾಚಿಕೆಯಿಂದ ಹೇಳದೆ ಉಳಿದ ಮಾತಿಗೆ ನಿಮ್ಮ ಹಿಂದೆ ಬರುವ ತಮ್ಮ ತಂಗಿಯರು ಬೆಲೆ ತೆರುತ್ತಾರೆ. 1912ರಲ್ಲಿ ಮಂಗಳೂರಿನಲ್ಲಿ ಕಥೋಲಿಕ ಸಹಕಾರಿ ಬ್ಯಾಂಕನ್ನು ಕಟ್ಟಿದ ಹಿರಿಯರ ಸಂತತಿ ನಾವು. ಸಾಲ ಮಾಡುವುದು ನಮಗೆ ಅವಮಾನವಲ್ಲ, ಹೊಸತೂ ಅಲ್ಲ. ಆದರೆ ಸಹಿ ಹಾಕುವ ಮೊದಲು ತಂದೆ, ತಾಯಿ, ಮಗ, ಮಗಳು ಒಂದೇ ಮೇಜಿನ ಸುತ್ತ ಕುಳಿತು ಆ ಒಂದು ಹಾಳೆಯನ್ನು ಬರೆಯಲಿ.