ಅವ್ವನ ಪರವಾಗಿ ಒಂದು ಮಾತು

ಮಂಡ್ಯದಿಂದ ನಾಗಮಂಗಲದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಬಸರಾಳು, 1234ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇಗುಲಕ್ಕೆ ಹೆಸರಾದ ಊರು. ದೇಗುಲ ನೋಡಲು ಹೊರಗಿನವರು ಬರುತ್ತಾರೆ. ಇಂಥ ಊರುಗಳ ಮಕ್ಕಳು ಓದು, ನೌಕರಿ ಎಂದು ಬೆಂಗಳೂರು, ಮೈಸೂರಿನ ಬಸ್ಸು ಹತ್ತುತ್ತಾರೆ. ಹಿಂದೆ ಉಳಿಯುವವರು ಅಪ್ಪ, ಅವ್ವ. ಒಬ್ಬರು ತೀರಿಕೊಂಡು ಮತ್ತೊಬ್ಬರು ಹಾಸಿಗೆ ಹಿಡಿದರೆ ವೃದ್ಧಾಶ್ರಮದ ಮಾತು ಬರುತ್ತದೆ.

ಸೇರಿಸಿದ್ದು ಸರಿಯೇ, ತಪ್ಪೇ ಎಂದು ಜಗಲಿಕಟ್ಟೆಯಲ್ಲಿ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಸೇರಿಸಿದ ಮೇಲೆ ಮಾಡಬೇಕಾದ್ದೇನು ಎಂದು ಕೇಳುವವರು ಕಡಿಮೆ. ತಿಂಗಳ ಹಣ ಕಟ್ಟಿದರೆ ಹೊಣೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಹೊಣೆ ಶುರುವಾಗುವುದೇ ಅಲ್ಲಿಂದ.

ಭಾನುವಾರ ನೋಡಲು ಬಂದ ಮಗ, ‘ಹೆಂಗಿದ್ದೀಯವ್ವ?’ ಎನ್ನುತ್ತಾನೆ. ‘ಚೆಂದಾಗಿವ್ನಿ ಕನ ಮಗ, ನಂಗೇನಾಗದೆ’ ಎಂಬ ಉತ್ತರ ಬರುತ್ತದೆ. ಮಗ ನೊಂದುಕೊಳ್ಳಬಾರದೆಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು, ಅಂಜಿಕೆ. ಮಗ ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಮುಂದಿನ ಭಾನುವಾರದವರೆಗೂ ತಾಯಿ ಇರಬೇಕಾದ್ದು ಆಯಾಗಳ ಕೈಯಲ್ಲಿ. ದೂರು ಹೇಳಿದರೆ ನಾಳೆ ಕರೆದಾಗ ಬರುತ್ತಾರೋ ಇಲ್ಲವೋ! ಆ ಅಂಜಿಕೆಗೆ ಆಧಾರವಿಲ್ಲದಿರಬಹುದು. ಆದರೆ ಬಾಯಿ ಕಟ್ಟಲು ಅದಷ್ಟೇ ಸಾಕು.

ಆದ್ದರಿಂದ ಬಾಯಿಮಾತಿನ ಜೊತೆಗೆ ಕಣ್ಣಿನ ಸಾಕ್ಷಿಯೂ ಬೇಕು. ಯಾವಾಗಲೂ ಒಂದೇ ಹೊತ್ತಿಗೆ ಹೋಗದೆ, ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ಸಂಜೆ ಹೋಗಬೇಕು. ಕುಡಿಯುವ ನೀರು ಕೈಗೆ ಎಟಕುವಂತಿದೆಯೇ? ಕನ್ನಡಕ, ಹಲ್ಲಿನ ಸೆಟ್ಟು ಅವರ ಬಳಿಯೇ ಇವೆಯೇ? ಬಟ್ಟೆ ಸಡಿಲವಾಗುವಷ್ಟು ಇಳಿದುಹೋಗಿದ್ದಾರೆಯೇ? ಹೊಸ ಮಾತ್ರೆ ಕೊಟ್ಟ ಮೇಲೆ ಹಗಲೆಲ್ಲ ಮಂಪರಿನಲ್ಲಿದ್ದಾರೆಯೇ? ಮಲಗಿದಲ್ಲೇ ಇರುವವರ ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದ್ದರೆ ಹಾಸಿಗೆ ಹುಣ್ಣಿಗೆ ಅದೇ ಮುನ್ಸೂಚನೆ. ಮಗ್ಗುಲು ಬದಲಿಸುವುದು ತಪ್ಪಿದೆಯೇ ಎಂದು ವಿಚಾರಿಸಬೇಕು. ಇದನ್ನೆಲ್ಲ ದಿನಾಂಕದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದೆ ಮಾತಿಗೆ ತೂಕ ಬರುತ್ತದೆ.

ಲೋಪ ಕಂಡರೆ ಕೂಗಾಡುವುದರಿಂದ ಪ್ರಯೋಜನವಿಲ್ಲ. ಹತ್ತಾರು ಮಂದಿಯನ್ನು ಒಬ್ಬಳೇ ನೋಡಿಕೊಳ್ಳುವ ಆಯಾಳಿಗೂ ಕಷ್ಟವಿದೆ. ಆಕೆಯ ಹೆಸರು ಹಿಡಿದು ಮಾತಾಡಿಸಿ, ಅವ್ವನಿಗೆ ಅನ್ನಕ್ಕಿಂತ ಮುದ್ದೆ ಒಗ್ಗುತ್ತದೆ, ಎಡಗಿವಿ ಕೇಳಿಸದು ಎಂದು ತಿಳಿಸಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಗದಿದ್ದರೆ ಮೇಲ್ವಿಚಾರಕರಿಗೆ ಬರಹದಲ್ಲಿ ದೂರು ಕೊಟ್ಟು, ಪ್ರತಿ ಇಟ್ಟುಕೊಳ್ಳಬೇಕು. ಅದಕ್ಕೂ ಜಗ್ಗದಿದ್ದರೆ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಿದೆ. 2021ರಲ್ಲಿ ದೇಶದಾದ್ಯಂತ ಆರಂಭವಾದ ಎಲ್ಡರ್‌ಲೈನ್ 14567ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಕೇಳಬಹುದು.

ಹಣ ಕೊಡಬೇಕಾದ ಮಕ್ಕಳೇ ಕೈಬಿಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸು ಜಾರಿಯಾದ 90 ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕೆಂಬುದು ನಿಯಮ. ಹೆಚ್ಚಿನವರಿಗೆ ತಿಳಿಯದ ಒಂದು ಅಂಶವೂ ಅದರಲ್ಲಿದೆ. ಹಿರಿಯರು ಅಶಕ್ತರಾಗಿದ್ದರೆ, ಅವರು ಅಧಿಕಾರ ಕೊಟ್ಟ ಬೇರೊಬ್ಬ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ಅಂದರೆ ಮಗಳು, ಸೋದರಳಿಯ, ಕಡೆಗೆ ನೆರೆಮನೆಯವರೂ ದನಿಯಾಗಬಹುದು.

ಅಮೆರಿಕದಲ್ಲಿ ನರ್ಸಿಂಗ್ ಹೋಂಗಳಲ್ಲಿರುವವರ ಅಹವಾಲು ಕೇಳಲೆಂದೇ ಓಂಬುಡ್ಸ್‌ಮನ್ ವ್ಯವಸ್ಥೆ 1972ರಲ್ಲಿ ಪ್ರಯೋಗವಾಗಿ ಶುರುವಾಗಿ, 1978ರ ಕಾನೂನಿನಿಂದ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. ಇಲ್ಲಿ ಆ ಕೆಲಸ ಬಹುಮಟ್ಟಿಗೆ ಬಂಧುಗಳ ಹೆಗಲ ಮೇಲೇ ಇದೆ.

ಆದರೆ ಪರವಾಗಿ ಮಾತಾಡುವುದೆಂದರೆ ಅವರ ಮಾತನ್ನು ಕಸಿದುಕೊಳ್ಳುವುದಲ್ಲ. ದೂರು ಬರೆಯುವ ಮುನ್ನ ಪಕ್ಕದಲ್ಲಿ ಕೂತು, ‘ಅವ್ವ, ಏನು ಬದಲಾಗಬೇಕು?’ ಎಂದು ಕೇಳಬೇಕು. ಮಗ ಊಟದ ವಿಷಯಕ್ಕೆ ಜಗಳಕ್ಕೆ ನಿಂತಿರಬಹುದು. ತಾಯಿಗೆ ಬೇಕಾಗಿದ್ದದ್ದು ಕಿಟಕಿಯ ಪಕ್ಕದ ಮಂಚವಷ್ಟೇ ಆಗಿರಬಹುದು. ಕೇಳಿದರಲ್ಲವೇ ತಿಳಿಯುವುದು?